ನಾಲ್ಕು ಲಕ್ಷದೊಳಗೆ ಹಳೆಯ ಆಟೊಮ್ಯಾಟಿಕ್ ಕಾರು: ಘಾಟಿ ರಸ್ತೆಗೆ ಯಾವ ಗೇರ್‌ಬಾಕ್ಸ್ ಒಳ್ಳೆಯದು?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ಮನೆ ಮೂಡಿಗೆರೆ ಹತ್ತಿರದ ಹಳ್ಳಿಯಲ್ಲಿದೆ. ಹೋಗಿ ಬರಲು ದಿನಕ್ಕೆ ಸುಮಾರು 65 ಕಿ.ಮೀ. ಆಗುತ್ತದೆ. ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಕ್ಲಚ್ ತುಳಿಯುವುದು ಕಷ್ಟವಾಗಿದೆ. ತವರು ಬೆಳ್ತಂಗಡಿಯಾದ್ದರಿಂದ ತಿಂಗಳಿಗೆ ಒಂದೆರಡು ಸಲ ಚಾರ್ಮಾಡಿ ಘಾಟಿ ಇಳಿದು ಹತ್ತಬೇಕು. ಮನೆಯಿಂದ ಟಾರು ರಸ್ತೆಗೆ ಬರುವ ದಾರಿಯೂ ಕಡಿದಾದ ಏರು. ಸೊಸೈಟಿ ಸಾಲವೂ ಸೇರಿ ನನ್ನಲ್ಲಿರುವುದು 4 ಲಕ್ಷ ರೂಪಾಯಿ. ಮೂರು ಪೆಟ್ರೋಲ್ ಕಾರುಗಳನ್ನು ನೋಡಿದ್ದೇವೆ: 2016ರ ಸೆಲೆರಿಯೊ ಎಎಂಟಿ (62,000 ಕಿ.ಮೀ., 3.3 ಲಕ್ಷ, ಹಾಸನ), 2014ರ ಗ್ರ್ಯಾಂಡ್ ಐ10 ಆಟೊಮ್ಯಾಟಿಕ್ (71,000 ಕಿ.ಮೀ., 3.2 ಲಕ್ಷ, ಚಿಕ್ಕಮಗಳೂರು), 2015ರ ಹೋಂಡಾ ಜಾಝ್ ಸಿವಿಟಿ (38,000 ಕಿ.ಮೀ., 4 ಲಕ್ಷ, ಬೆಂಗಳೂರಿನ ಬ್ರೋಕರ್). ನನ್ನ ಮೈದುನ ಪೋಲೊ ಡಿಎಸ್‌ಜಿ ತೆಗೆದುಕೊಳ್ಳಿ ಎನ್ನುತ್ತಾನೆ. ನಮ್ಮೂರಿನ ಮೆಕ್ಯಾನಿಕ್, ‘ಆಟೊಮ್ಯಾಟಿಕ್ ಘಾಟಿಗೆ ಆಗಿಬರುವುದಿಲ್ಲ, ಗೇರ್‌ಬಾಕ್ಸ್ ಹೋದರೆ ಗಾಡಿ ಗುಜರಿಗೇ’ ಎಂದು ಹೆದರಿಸಿದ್ದಾರೆ. ಬ್ರೋಕರ್ ‘ಗೇರ್‌ಬಾಕ್ಸ್ ಆಯಿಲ್ ಜೀವಮಾನಪೂರ್ತಿ ಬದಲಾಯಿಸಬೇಕಾಗಿಲ್ಲ’ ಎನ್ನುತ್ತಾರೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಆತಂಕ ಒಂದೇ. ಸಾಲ ಮಾಡಿ 4 ಲಕ್ಷ ಕೊಟ್ಟ ಮೇಲೆ, ಆರು ತಿಂಗಳಲ್ಲಿ ಲಕ್ಷದ ಬಿಲ್ ಬಂದರೆ ಏನು ಮಾಡುವುದು ಎಂಬುದು. ಹಾಸನದಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳ ರಿಪೇರಿಯನ್ನೇ ಕಸುಬಾಗಿಸಿಕೊಂಡಿರುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಇದೇ ಸ್ಥಿತಿಯಲ್ಲಿರುತ್ತಾರೆ. ಆದ್ದರಿಂದ ಮೊದಲು ಹಣದ ಮಾತನ್ನೇ ಹೇಳಿಬಿಡುತ್ತೇನೆ. 4 ಲಕ್ಷ ಇದ್ದರೆ 4 ಲಕ್ಷದ ಕಾರು ಕೊಳ್ಳಬಾರದು. ಕಾರಿಗೆ 3.3 ಲಕ್ಷದ ಆಸುಪಾಸು ಇಟ್ಟುಕೊಂಡು, ಉಳಿದದ್ದರಲ್ಲಿ ವಿಮೆ, ಹೆಸರು ವರ್ಗಾವಣೆ, ಎಲ್ಲ ಆಯಿಲ್‌ಗಳ ಬದಲಾವಣೆ, ಬ್ಯಾಟರಿ, ಅಗತ್ಯವಿದ್ದರೆ ಟೈರು ಇವನ್ನೆಲ್ಲ ಮುಗಿಸಿ, ಕನಿಷ್ಠ 40,000 ರೂಪಾಯಿಯನ್ನು ಮೊದಲ ವರ್ಷದ ರಿಪೇರಿಗೆಂದು ಮುಟ್ಟದೆ ಇಡಬೇಕು. ಈ ಲೆಕ್ಕದಲ್ಲಿ ಜಾಝ್ ಆಗಲೇ ನಿಮ್ಮ ಕೈ ಮೀರಿದೆ. ಬೆಲೆ ಇಳಿದರಷ್ಟೇ ಅದರ ಮಾತು.

ಇನ್ನು ನಿಮ್ಮೂರಿನ ಮೆಕ್ಯಾನಿಕ್ ಹೇಳಿದ್ದು. ಆಟೊಮ್ಯಾಟಿಕ್ ಕಾರು ಘಾಟಿ ಹತ್ತುವುದಿಲ್ಲ ಎಂಬುದು ಸುಳ್ಳು. ಶಿರಾಡಿಯಲ್ಲೂ ಚಾರ್ಮಾಡಿಯಲ್ಲೂ ಅವು ದಿನವೂ ಓಡಾಡುತ್ತಿವೆ. ಆದರೆ ಆ ಮಾತಿನ ಹಿಂದೆ ಒಂದು ನಿಜವಾದ ಅನುಭವವಿದೆ: ಏರಿನಲ್ಲಿ ಗೇರ್‌ಬಾಕ್ಸ್ ಬಿಸಿಯಾಗುತ್ತದೆ, ಬಿಸಿಯಾದ ಆಯಿಲ್ ಬೇಗ ಹಾಳಾಗುತ್ತದೆ, ಹಾಳಾದ ಆಯಿಲ್‌ನಲ್ಲೇ ವರ್ಷಗಟ್ಟಲೆ ಓಡಿಸಿದ ಗೇರ್‌ಬಾಕ್ಸ್ ಒಂದು ದಿನ ಕೈಕೊಡುತ್ತದೆ. ಹಾಗೆ ಕೈಕೊಟ್ಟ ಗಾಡಿಗಳನ್ನು ಅವರು ನೋಡಿರುತ್ತಾರೆ, ಸರಿಯಾಗಿ ಓಡುತ್ತಿರುವವು ಅವರ ಬಳಿಗೆ ಬರುವುದೇ ಇಲ್ಲ. ಬ್ರೋಕರ್ ಹೇಳಿದ ಜೀವಮಾನದ ಆಯಿಲ್ ಎಂಬ ಮಾತಿಗೆ ಮಾತ್ರ ಇಷ್ಟು ಮರ್ಯಾದೆಯನ್ನೂ ಕೊಡಲಾರೆ. ಗೇರ್‌ಬಾಕ್ಸ್‌ನ ಜೀವಮಾನ ಮುಗಿಯುವವರೆಗೆ ಎಂದು ಅರ್ಥ ಮಾಡಿಕೊಂಡರೆ ಅದು ಅಕ್ಷರಶಃ ಸತ್ಯ.

ನೀವು ನೋಡಿರುವ ಕಾರುಗಳಲ್ಲಿ ಕ್ಲಚ್ ಪೆಡಲ್ ಇಲ್ಲ ಎಂಬುದನ್ನು ಬಿಟ್ಟರೆ ಯಂತ್ರದ ದೃಷ್ಟಿಯಿಂದ ಬೇರೆ ಸಾಮ್ಯವಿಲ್ಲ. ಸೆಲೆರಿಯೊದಲ್ಲಿರುವುದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಅದೇ ಕ್ಲಚ್ ಪ್ಲೇಟ್, ಅದೇ ಹಲ್ಲುಗಳು. ಕ್ಲಚ್ ಒತ್ತುವ, ಗೇರ್ ಬದಲಿಸುವ ಕೆಲಸವನ್ನು ನಿಮ್ಮ ಕಾಲು–ಕೈಗಳ ಬದಲು ಆಯಿಲ್ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಆಕ್ಚುಯೇಟರ್ ಎಂಬ ಘಟಕ ಮಾಡುತ್ತದೆ. ಇದಕ್ಕೇ ಎಎಂಟಿ ಎನ್ನುವುದು. 2014ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಎಎಂಟಿ ಬಂದದ್ದೇ ಸೆಲೆರಿಯೊ ಮೂಲಕ, ಮ್ಯಾಗ್ನೆಟಿ ಮರೆಲಿ ಕಂಪನಿಯ ವ್ಯವಸ್ಥೆಯೊಂದಿಗೆ. ಆಟೊಮ್ಯಾಟಿಕ್ ಎಂದರೆ ಪೆಟ್ರೋಲ್ ಕುಡಿಯುತ್ತದೆ ಎಂಬ ಹಳೆಯ ನಂಬಿಕೆ ಇಲ್ಲಿಗೆ ಅನ್ವಯಿಸುವುದಿಲ್ಲ: ಬಿಡುಗಡೆಯಾದಾಗ ಮ್ಯಾನುಯಲ್ ಮತ್ತು ಎಎಂಟಿ ಎರಡಕ್ಕೂ ಅಧಿಕೃತ ಮೈಲೇಜ್ ಲೀಟರಿಗೆ 23.1 ಕಿ.ಮೀ. ಎಂದೇ ಇತ್ತು. ರಸ್ತೆಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ, ಆದರೆ ಎರಡರ ನಡುವೆ ದೊಡ್ಡ ವ್ಯತ್ಯಾಸವಿರುವುದಿಲ್ಲ.

ಗ್ರ್ಯಾಂಡ್ ಐ10ನಲ್ಲಿರುವುದು ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್. ಎದುರುಬದುರಾಗಿಟ್ಟ ಎರಡು ಫ್ಯಾನುಗಳಲ್ಲಿ ಒಂದಕ್ಕೆ ಕರೆಂಟ್ ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಎಂಜಿನ್ನಿನ ಶಕ್ತಿ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟುತ್ತದೆ. ಏರಿನಲ್ಲಿ ಲಾರಿಗಳ ಹಿಂದೆ ಇಂಚಿಂಚಾಗಿ ಸಾಗುವಾಗ ಸವೆಯಲು ಕ್ಲಚ್ ಪ್ಲೇಟೇ ಇಲ್ಲದಿರುವುದು ಇದರ ದೊಡ್ಡ ಗುಣ. ನಾಲ್ಕೇ ಗೇರು ಇರುವುದರಿಂದ ಹೆದ್ದಾರಿಯಲ್ಲಿ ಎಂಜಿನ್ ಸದ್ದು ಜಾಸ್ತಿ, ಪಿಕಪ್ ನಿಧಾನ, ಪೆಟ್ರೋಲ್ ಖರ್ಚು ಎಎಂಟಿಗಿಂತ ಹೆಚ್ಚು. ದಿನಕ್ಕೆ 65 ಕಿ.ಮೀ. ಓಡಿಸುವ ನಿಮಗೆ ಲೀಟರಿಗೆ 3 ಕಿ.ಮೀ. ಕಡಿಮೆ ಬಂದರೂ ತಿಂಗಳಿಗೆ ಸಾವಿರ ರೂಪಾಯಿಯನ್ನು ದಾಟುವ ವ್ಯತ್ಯಾಸವಾಗುತ್ತದೆ. ಇದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಜಾಝ್‌ನ ಸಿವಿಟಿಯಲ್ಲಿ ಗೇರುಗಳೇ ಇಲ್ಲ. ಅಗಲ–ಕಿರಿದಾಗುವ ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ. ಓಡಿಸಲು ಇದರಷ್ಟು ನುಣುಪಾದದ್ದು ಇಲ್ಲ, ಹೋಂಡಾದ ಸಿವಿಟಿಗೆ ಗಟ್ಟಿತನದ ಹೆಸರೂ ಇದೆ. ಆದರೆ ಆ ಬೆಲ್ಟ್ ಜಾರದೆ ಹಿಡಿದುಕೊಳ್ಳುವುದು ಕಂಪನಿ ಹೇಳಿದ ನಿರ್ದಿಷ್ಟ ಸಿವಿಟಿ ಆಯಿಲ್ ಇದ್ದಾಗ ಮಾತ್ರ. ಯಾರೋ ಮಾಮೂಲಿ ಆಟೊಮ್ಯಾಟಿಕ್ ಆಯಿಲ್ ಸುರಿದಿದ್ದರೆ, ಅಥವಾ ಹತ್ತು ವರ್ಷ ಮುಟ್ಟದೆಯೇ ಬಿಟ್ಟಿದ್ದರೆ, ಬೆಲ್ಟ್ ಜಾರಿ ಪುಲ್ಲಿಯ ಮೈ ಗೀಚಿಹೋಗಿರುತ್ತದೆ. ಆ ಹಂತಕ್ಕೆ ಬಂದ ಮೇಲೆ ಬಿಡಿಭಾಗ ಬದಲಿಸಿ ಸರಿಪಡಿಸುವುದು ಕಷ್ಟ. ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕು, ಅದರ ಬಿಲ್ ಒಂದು ಲಕ್ಷ ದಾಟುತ್ತದೆ. ನಿಮ್ಮ ಮೆಕ್ಯಾನಿಕ್ ಗುಜರಿ ಎಂದದ್ದು ಇಂಥ ಗಾಡಿಗೆ ಸಲ್ಲುತ್ತದೆ.

ನಿಮ್ಮ ಮೈದುನ ಹೇಳುವ ಪೋಲೊ ಓಡಿಸಲು ನಿಜಕ್ಕೂ ಸೊಗಸಾದ ಕಾರು. ಆದರೆ ಅದರ ಏಳು ಗೇರಿನ ಡಿಎಸ್‌ಜಿಯಲ್ಲಿ ಎರಡು ಒಣ (ಆಯಿಲ್‌ನಲ್ಲಿ ಮುಳುಗಿರದ) ಕ್ಲಚ್‌ಗಳೂ ಮೆಕಟ್ರಾನಿಕ್ ಎಂಬ ದುಬಾರಿ ನಿಯಂತ್ರಣ ಘಟಕವೂ ಇವೆ. ಡಿಎಸ್‌ಜಿ ಗೇರ್‌ಬಾಕ್ಸ್‌ಗಳ ದೋಷಕ್ಕಾಗಿ 2013ರಲ್ಲಿ ಫೋಕ್ಸ್‌ವ್ಯಾಗನ್ ಚೀನಾದಲ್ಲಿ 3.84 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡಿತ್ತು. ನಿಂತು–ನಿಂತು ಸಾಗುವ ಏರುದಾರಿ ಒಣ ಕ್ಲಚ್‌ಗೆ ಕಷ್ಟದ ಕೆಲಸ. ವಾರಂಟಿ ಇಲ್ಲದ, ಹತ್ತು ವರ್ಷ ದಾಟಿದ ಇಂಥ ಕಾರನ್ನು 4 ಲಕ್ಷವಷ್ಟೇ ಇರುವವರು ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೈದುನನಿಗೆ ಬೇಸರವಾಗದಂತೆ ನೀವೇ ಹೇಳಿಬಿಡಿ.

ಹಾಗಾದರೆ ಉಳಿದದ್ದು ಸೆಲೆರಿಯೊ ಮತ್ತು ಗ್ರ್ಯಾಂಡ್ ಐ10. ಇಲ್ಲಿ ನಿಮ್ಮ ಮನೆಯ ಮುಂದಿನ ಏರು, ನೀವು ಅಂದುಕೊಂಡಿರುವುದಕ್ಕಿಂತ ಮುಖ್ಯವಾದ ಸಂಗತಿ. ಆ ಕಾಲದ ಸೆಲೆರಿಯೊದಲ್ಲಿ ಏರಿನಲ್ಲಿ ಗಾಡಿಯನ್ನು ತಾನಾಗಿ ಹಿಡಿದಿಡುವ ಹಿಲ್ ಹೋಲ್ಡ್ ಇಲ್ಲ. ಬ್ರೇಕಿನಿಂದ ಕಾಲೆತ್ತಿ ಆಕ್ಸಿಲರೇಟರ್ ಮುಟ್ಟುವಷ್ಟರಲ್ಲಿ ಕಾರು ಹಿಂದಕ್ಕೆ ಸರಿಯುತ್ತದೆ. ಹೆದರಿದವರು ಸ್ವಲ್ಪ ಆಕ್ಸಿಲರೇಟರ್ ಒತ್ತಿಯೇ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಅದೇ ಕ್ಲಚ್ ಪ್ಲೇಟನ್ನು ಸುಡುವ ಅಭ್ಯಾಸ. ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಆಕ್ಸಿಲರೇಟರ್ ಕೊಡುತ್ತ ಕಾರು ಮುಂದಕ್ಕೆ ಎಳೆಯುತ್ತಿದೆ ಅನ್ನಿಸಿದಾಗ ಹ್ಯಾಂಡ್‌ಬ್ರೇಕ್ ಬಿಡುವುದನ್ನು ರೂಢಿಸಿಕೊಂಡರೆ ಈ ತೊಂದರೆ ಇಲ್ಲ. ಒಂದು ವಾರದಲ್ಲಿ ಕೈಗೆ ಬರುತ್ತದೆ. ಅದರಲ್ಲಿ ‘ಪಿ’ (ಪಾರ್ಕಿಂಗ್) ಸ್ಥಾನವೂ ಇಲ್ಲವಾದ್ದರಿಂದ, ಇಳಿಜಾರಿನಲ್ಲಿ ನಿಲ್ಲಿಸುವಾಗ ಗೇರಿನಲ್ಲೇ ಬಿಟ್ಟು ಎಂಜಿನ್ ಆರಿಸಿ ಹ್ಯಾಂಡ್‌ಬ್ರೇಕ್ ಎಳೆಯಬೇಕು, ನ್ಯೂಟ್ರಲ್‌ನಲ್ಲಿ ಬಿಡಬಾರದು.

ಎಎಂಟಿಯ ಅನುಕೂಲವೆಂದರೆ ಕೆಟ್ಟಾಗಿನ ಖರ್ಚು. ಕ್ಲಚ್ ಸೆಟ್ ಬದಲಿಸುವ ಕೆಲಸ ಸಾಮಾನ್ಯವಾಗಿ 20,000 ರೂಪಾಯಿಯೊಳಗೆ ಮುಗಿಯುತ್ತದೆ. ಆಕ್ಚುಯೇಟರ್ ಹೋದರೆ ಖರ್ಚು ಇದರ ಎರಡು–ಮೂರು ಪಟ್ಟಾದೀತು, ಆದರೂ ಸಿವಿಟಿಯ ಬಿಲ್ಲಿನಷ್ಟು ಆಗದು. ಒಂದು ಎಚ್ಚರಿಕೆ: ಹೊಸ ಕ್ಲಚ್ ಹಾಕಿದ ಮೇಲೆ ಸ್ಕ್ಯಾನರ್ ಜೋಡಿಸಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಸ್ಕ್ಯಾನರ್ ಇಲ್ಲದ ಕಡೆ ಪ್ಲೇಟ್ ಮಾತ್ರ ಬದಲಿಸಿ ಕಳಿಸಿದ ಗಾಡಿಗಳು ಜರ್ಕ್ ಹೊಡೆಯುತ್ತ ಬಂದು, ಇಡೀ ಎಎಂಟಿ ವ್ಯವಸ್ಥೆಗೇ ಕೆಟ್ಟ ಹೆಸರು ತಂದಿವೆ.

ಇಷ್ಟೆಲ್ಲ ತೂಗಿದ ಮೇಲೆ, ಕಾಲಿನ ತೊಂದರೆ, ಮನೆಯ ಏರು, ಚಾರ್ಮಾಡಿ ಮೂರನ್ನೂ ಗಮನಿಸಿ, ನಾನು ಗ್ರ್ಯಾಂಡ್ ಐ10 ಅನ್ನು ಮೊದಲು ಪರೀಕ್ಷಿಸಲು ಹೇಳುತ್ತೇನೆ. ಕೊಳ್ಳಲು ಅಲ್ಲ, ಪರೀಕ್ಷಿಸಲು. ಕಾರಿನ ಹೆಸರಿಗಿಂತ ಆ ಒಂದು ಗಾಡಿಯ ಗೇರ್‌ಬಾಕ್ಸ್ ಹೇಗೆ ಬದುಕಿದೆ ಎಂಬುದೇ ನಿರ್ಣಾಯಕ. ಚೆನ್ನಾಗಿ ಸಾಕಿದ ಸೆಲೆರಿಯೊ, ಅನಾದರಕ್ಕೆ ಒಳಗಾದ ಗ್ರ್ಯಾಂಡ್ ಐ10ಗಿಂತ ಎಷ್ಟೋ ಮೇಲು.

ಪರೀಕ್ಷೆಗೆ ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಬೇಕು ಎಂದು ಹಿಂದಿನ ದಿನವೇ ತಿಳಿಸಿಡಿ. ಮಾಲೀಕರು ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ; ಬಾನೆಟ್ ಮೇಲೆ ಕೈಯಿಟ್ಟರೆ ಗೊತ್ತಾಗುತ್ತದೆ. ಸ್ಟಾರ್ಟ್ ಆದ ಮೇಲೆ ಬ್ರೇಕ್ ತುಳಿದುಕೊಂಡೇ ‘ಪಿ’ಯಿಂದ ‘ಆರ್’ಗೆ (ರಿವರ್ಸ್), ಅಲ್ಲಿಂದ ‘ಡಿ’ಗೆ (ಡ್ರೈವ್, ಮುಂದಕ್ಕೆ) ಹಾಕಿ ನೋಡಿ. ಗೇರು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಮೆತ್ತಗೆ ಕೂರಬೇಕು. ಎರಡು–ಮೂರು ಸೆಕೆಂಡ್ ಸುಮ್ಮನಿದ್ದು ಆಮೇಲೆ ‘ಧಡ್’ ಎಂದು ಕೂತರೆ ಒಳಗಿನ ಒತ್ತಡ ಇಳಿದಿದೆ ಎಂದೇ ಅರ್ಥ. ಆಯಿಲ್ ಡಿಪ್‌ಸ್ಟಿಕ್ ಇರುವ ಗೇರ್‌ಬಾಕ್ಸ್ ಆದರೆ ಅದನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ: ಕೆಂಪು ಅಥವಾ ತಿಳಿಗಂದು ಇದ್ದರೆ ಸರಿ; ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ.

ಆಮೇಲೆ ಊರಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಮುಗಿಸಬೇಡಿ. ಕಾರು ಚಿಕ್ಕಮಗಳೂರಿನದ್ದೇ ಆದ್ದರಿಂದ, ವಾರದ ದಿನ, ಕೈಮರ ದಾಟಿ ಸೀತಾಳಯ್ಯನಗಿರಿಯತ್ತ ಏರುವ ರಸ್ತೆಗೆ ಒಯ್ಯಿರಿ. ಅರ್ಧ ಏರಿನಲ್ಲಿ, ಹಿಂದೆ ಗಾಡಿಯಿಲ್ಲದ ಜಾಗ ನೋಡಿ ನಿಲ್ಲಿಸಿ, ಮತ್ತೆ ಹೊರಡಿಸಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಏರುತ್ತದೆ ಆದರೆ ಗಾಡಿ ಅದಕ್ಕೆ ತಕ್ಕಂತೆ ಮುಂದೆ ಹೋಗುತ್ತಿಲ್ಲ ಎಂದರೆ ಗೇರ್‌ಬಾಕ್ಸ್ ಜಾರುತ್ತಿದೆ. ಎಎಂಟಿಯ ಕ್ಲಚ್ ಸವೆದಿದ್ದರೆ ಇದೇ ಪರೀಕ್ಷೆಯಲ್ಲಿ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಸಿವಿಟಿ ಹಾಳಾಗಿದ್ದರೆ ನಿಧಾನವಾಗಿ ಹೊರಡುವಾಗ ಗಡಗಡ ನಡುಕ ಅಥವಾ ಸಿಳ್ಳೆಯಂಥ ಸದ್ದು ಇರುತ್ತದೆ. ಅಪಾಯವಿಲ್ಲದ ಕಡೆ ರಿವರ್ಸ್‌ನಲ್ಲೂ ಒಂದಿಷ್ಟು ಏರು ಹತ್ತಿಸಿ ನೋಡಿ, ಏಕೆಂದರೆ ನಿಮ್ಮ ಮನೆಯಲ್ಲಿ ಅದು ದಿನದ ಕೆಲಸ. ಅರ್ಧ ಗಂಟೆ ಹೀಗೆ ಓಡಿಸಿ ಎಲ್ಲ ಬಿಸಿಯಾದ ಮೇಲೆ, ಬೆಳಗಿನ ‘ಆರ್’–‘ಡಿ’ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ತಣ್ಣಗಿದ್ದಾಗ ಸುಮ್ಮನಿದ್ದ ದೋಷ ಎಷ್ಟೋ ಸಲ ಬಿಸಿಯಾದ ಮೇಲೆ ಮಾತನಾಡುತ್ತದೆ.

ಬೆಂಗಳೂರಿನ ಜಾಝ್ 38,000 ಕಿ.ಮೀ. ಮಾತ್ರ ಓಡಿದೆ ಎಂಬುದು ನಿಮಗೆ ಆಕರ್ಷಕವಾಗಿ ಕಂಡಿದೆ. ಮೀಟರ್ ತಿರುಗಿಸುವುದು ಕಷ್ಟದ ಕೆಲಸವಲ್ಲ. ಆದ್ದರಿಂದ ಮೀಟರನ್ನು ಬಿಟ್ಟು ಬೇರೆಡೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದ ಟೈರು. 2015ರ ಕಾರಿನಲ್ಲಿ 2019ರ ಟೈರುಗಳು, ಅವೂ ಸವೆದುಹೋಗಿವೆ ಎಂದಾದರೆ, ಮೊದಲ ಸೆಟ್ ಸವೆದು ಎರಡನೆಯದೂ ಮುಗಿಯುತ್ತ ಬಂದಿರಬಹುದು, 38,000 ಕಿ.ಮೀ.ಗೆ ಅದು ಹೊಂದುವುದಿಲ್ಲ. ಬ್ರೇಕ್ ಪೆಡಲಿನ ರಬ್ಬರ್, ಸ್ಟಿಯರಿಂಗ್ ಮೇಲಿನ ಹೊಳಪು, ಚಾಲಕರ ಸೀಟಿನ ಅಂಚು ಇವೂ ಸಾಕ್ಷಿ ಹೇಳುತ್ತವೆ. ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಕಂಪನಿ ಸರ್ವಿಸ್ ಸೆಂಟರಿನ ದಾಖಲೆ. ಮಾಲೀಕರು ಜೊತೆಗಿದ್ದರೆ ಗಾಡಿಯ ನಂಬರ್ ಕೊಟ್ಟು ಯಾವ ದಿನ ಎಷ್ಟು ಕಿ.ಮೀ.ಗೆ ಏನು ಮಾಡಿಸಿದ್ದರು ಎಂಬುದನ್ನು ಕೇಳಿ ಪಡೆಯಬಹುದು. ಅದರಲ್ಲಿ ಸಿವಿಟಿ ಆಯಿಲ್ ಬದಲಿಸಿದ ಬಿಲ್ ಕಾಣದಿದ್ದರೆ ಆ ಕಾರನ್ನು ಮರೆತುಬಿಡಿ. ಕಡಿಮೆ ಓಡಿದ್ದು ನಿಜವೇ ಆಗಿದ್ದರೂ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಂಟೆಗಟ್ಟಲೆ ನಿಂತ ಸಮಯ ಮೀಟರಿನಲ್ಲಿ ಬರುವುದಿಲ್ಲ.

ಬೆಂಗಳೂರಿನ ಗಾಡಿ ಎಂದಾಗ ಮತ್ತೊಂದು ಭಯವೂ ಇದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಕಾರುಗಳು ಮುಳುಗಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಹಾಗೆ ನೀರು ಕುಡಿದ ಗಾಡಿಗಳು ತೊಳೆದು ಪಾಲಿಶ್ ಮಾಡಿಸಿಕೊಂಡು ದೂರದ ಊರುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಡಿಕ್ಕಿಯ ಸ್ಟೆಪ್ನಿ ಎತ್ತಿ ಅದರ ಕೆಳಗೆ ನೋಡಿ, ಸೀಟಿನ ಕೆಳಗಿನ ಕಂಬಿಗಳ ತುಕ್ಕನ್ನು ನೋಡಿ. ಆಟೊಮ್ಯಾಟಿಕ್ ಕಾರಿನಲ್ಲಿ ನೀರು ಹೊಕ್ಕ ಕನೆಕ್ಟರ್ ಯಾವಾಗ ತೊಂದರೆ ಕೊಡುತ್ತದೆ ಎಂದು ಹೇಳಲಾಗದು. ನಮ್ಮ ಕಡೆಯ ಗಾಡಿಗಳಿಗೆ ಬೇರೆಯೇ ಕಾಟ: ಇಲಿ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿದು, ಅದನ್ನು ಟೇಪ್ ಸುತ್ತಿ ಜೋಡಿಸಿದ್ದು ಬಾನೆಟ್ ಒಳಗೆ ಕಂಡರೆ ಎಷ್ಟು ಕಡೆ ಹಾಗಾಗಿದೆ ಎಂದು ಪರೀಕ್ಷಿಸಿ. ಎಎಂಟಿ ‘ಗೇರ್‌ಬಾಕ್ಸ್ ಕೆಟ್ಟಿದೆ’ ಎಂದು ಬಂದ ಎಷ್ಟೋ ಕಾರುಗಳಲ್ಲಿ ತುಂಡಾಗಿದ್ದದ್ದು ಒಂದು ವೈರ್ ಮಾತ್ರ. ಕೊನೆಯ ತೀರ್ಮಾನಕ್ಕೆ ಮುಂಚೆ ಸಾವಿರ–ಎರಡು ಸಾವಿರ ಖರ್ಚಾದರೂ ಸರಿ, ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ.

ಕೊಂಡ ಮೇಲೆ ಬಳಸುವ ರೀತಿಯಲ್ಲಿ ಎರಡು ಸಂಗತಿಗಳು ನಿಮಗೆ ಮುಖ್ಯ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಲಿವರನ್ನು ‘ಡಿ’ಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೇಲಿನ ಗೇರಿಗೆ ಹೋಗಿಬಿಡುತ್ತದೆ, ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದು ಹಿಡಿಯದಾಗುತ್ತದೆ. ಆದ್ದರಿಂದ ತಿರುವುಗಳು ಶುರುವಾಗುವ ಮೊದಲೇ ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಕೆಳಗಿನ ಗೇರಿನಲ್ಲೇ ಹಿಡಿದಿಡುವ ‘2’ ಅಥವಾ ‘ಎಲ್’ಗೆ, ಎಎಂಟಿಯಲ್ಲಿ ಮ್ಯಾನುಯಲ್ ಸ್ಥಾನದ ಎರಡನೇ ಗೇರಿಗೆ ತನ್ನಿ. ಹತ್ತುವಾಗಲೂ ಗೇರು ಮೇಲೆ–ಕೆಳಗೆ ತಡಕಾಡುತ್ತಿದ್ದರೆ ಇದೇ ಉಪಾಯ. ಎರಡನೆಯದು, ಬ್ಯಾಟರಿ ಇಳಿದರೆ ಇವನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ದಾರಿಯಲ್ಲಿ ಕೆಟ್ಟರೆ ಟಾರ್ಕ್ ಕನ್ವರ್ಟರ್, ಸಿವಿಟಿ ಗಾಡಿಗಳನ್ನು ಮುಂದಿನ ಚಕ್ರ ನೆಲಕ್ಕೆ ತಾಗುವಂತೆ ಹಗ್ಗ ಕಟ್ಟಿ ಎಳೆಸಬಾರದು. ಎಂಜಿನ್ ನಿಂತಿರುವಾಗ ಒಳಗಿನ ಆಯಿಲ್ ಪಂಪ್ ಕೆಲಸ ಮಾಡುವುದಿಲ್ಲ, ಗೇರ್‌ಬಾಕ್ಸ್ ಒಣಗಿ ತಿರುಗಿ ಸುಟ್ಟುಹೋಗುತ್ತದೆ. ಘಾಟಿಯಲ್ಲಿ ಸಹಾಯಕ್ಕೆ ಬರುವ ಜೀಪಿನವರು ಒಳ್ಳೆಯ ಮನಸ್ಸಿನಿಂದಲೇ ಹಗ್ಗ ತರುತ್ತಾರೆ. ಬೇಡವೆಂದು ಹೇಳಿ, ವಿಮೆಯ ಜೊತೆ ರಸ್ತೆ ಸಹಾಯದ ಸೌಲಭ್ಯವನ್ನೂ ಮಾಡಿಸಿಕೊಂಡು ಗಾಡಿಯನ್ನು ಪೂರ್ತಿ ಎತ್ತಿ ಒಯ್ಯುವ ಲಾರಿಯನ್ನು ಕರೆಸಿ.

ಕಾಗದಪತ್ರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಬೆಲೆಗೂ ಅದಕ್ಕೂ ಸಂಬಂಧವಿದೆ. ಕರ್ನಾಟಕದೊಳಗೆ ಆಜೀವ ತೆರಿಗೆ ಕಟ್ಟಿದ ಕಾರಿಗೆ ಜಿಲ್ಲೆ ಬದಲಾದರೆ ಮತ್ತೆ ತೆರಿಗೆ ಇಲ್ಲ. ಆದ್ದರಿಂದ ಹಾಸನದ ಕೆಎ-13 ಗಾಡಿಯೂ ಚಿಕ್ಕಮಗಳೂರಿನ ಕೆಎ-18 ಗಾಡಿಯೂ ಆ ಲೆಕ್ಕದಲ್ಲಿ ಒಂದೇ. ಅಗ್ಗಕ್ಕೆ ಸಿಗುವ ಹೊರರಾಜ್ಯದ ಗಾಡಿಗೆ ಇಲ್ಲಿನ ತೆರಿಗೆ ಸೇರಿಸಿದರೆ ಅಗ್ಗ ಉಳಿಯುವುದಿಲ್ಲ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸಿನ ಹೆಸರಿದ್ದರೆ, ಸಾಲ ತೀರಿದೆ ಎಂಬ ಅವರ ಪತ್ರ ಮತ್ತು ಆರ್‌ಸಿಯಿಂದ ಆ ಹೆಸರು ತೆಗೆಸುವ ಫಾರ್ಮ್ 35 ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ವರ್ಗಾವಣೆಗೆ ಮಾರುವವರು ಫಾರ್ಮ್ 29 ಮತ್ತು 30ಕ್ಕೆ ನಿಮ್ಮೆದುರೇ ಸಹಿ ಹಾಕಲಿ. ಬಾಕಿ ದಂಡಗಳನ್ನು ಆನ್‌ಲೈನ್‌ನಲ್ಲಿ ನೋಡಿ ಅವರಿಂದಲೇ ಕಟ್ಟಿಸಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಕೊಡದಿದ್ದರೆ ನಿಮ್ಮ ಕಾರಿಗೆ ಆದ ಹಾನಿಯ ಪರಿಹಾರ ಸಿಗುವುದು ಕಷ್ಟ. ಹಳೆಯ ಮಾಲೀಕರ ನೋ ಕ್ಲೈಮ್ ಬೋನಸ್ ಅವರಿಗೆ ಸೇರಿದ್ದು, ಕಾರಿನ ಜೊತೆ ನಿಮಗೆ ಬರುವುದಿಲ್ಲವಾದ್ದರಿಂದ, ಬ್ರೋಕರ್ ತೋರಿಸುವ ಕಡಿಮೆ ಪ್ರೀಮಿಯಂ ನಂಬಿ ಲೆಕ್ಕ ಹಾಕಬೇಡಿ.

ಗ್ರ್ಯಾಂಡ್ ಐ10 ಈ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ 3.2 ಲಕ್ಷಕ್ಕೆ ಬದಲು 3 ಲಕ್ಷದಿಂದ ಮಾತು ಶುರುಮಾಡಿ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಇಲ್ಲದಿದ್ದರೆ ಅದನ್ನೇ ಕಾರಣವಾಗಿ ಮುಂದಿಡಿ. ಅದು ತೇರ್ಗಡೆಯಾಗದಿದ್ದರೆ ಸೆಲೆರಿಯೊ ನೋಡಲು ಹಾಸನಕ್ಕೆ ಬರುವಾಗ ಬೆಳಗಿನ ಹೊತ್ತೇ ಹೊರಡಿ. ಅದರ ಪರೀಕ್ಷೆಯೂ ಎಂಜಿನ್ ತಣ್ಣಗಿರುವಾಗಲೇ ಆಗಬೇಕು, ಮತ್ತು ಏರಿಗಾಗಿ ಅದನ್ನು ಸಕಲೇಶಪುರದ ಆಚೆಯವರೆಗಾದರೂ ಓಡಿಸಲು ಮಾಲೀಕರು ಒಪ್ಪಬೇಕು.